ಮರದ ನೆಲಕ್ಕೆ ಟೈಲ್ ಹಾಕುವ ಪೂರ್ವಸಿದ್ಧತೆ (ಬಾಡಿಗೆ ವಾಣಿಜ್ಯ ಕಟ್ಟಡಗಳು)

ಮರದ ನೆಲಕ್ಕೆ ಟೈಲ್ ಹಾಕುವ ಪೂರ್ವಸಿದ್ಧತೆ ಎಂದರೆ, ಮರದ ಜಂತಿಗಳ ಮೇಲೆ ಹಲಗೆ ಹಾಸಿ ನಿರ್ಮಿಸಿದ ನೆಲವು ಸೆರಾಮಿಕ್, ಪೋರ್ಸೆಲಿನ್ ಅಥವಾ ಕಲ್ಲಿನ ಟೈಲುಗಳನ್ನು ಬಿರುಕಿಲ್ಲದೆ ಹೊರುವಂತೆ ಅದನ್ನು ಪರೀಕ್ಷಿಸಿ, ಬಲಪಡಿಸಿ, ಸೂಕ್ತವಾದ ಮೇಲ್ಪದರದಿಂದ ಮುಚ್ಚುವ ಕಾರ್ಯ. ಬಾಡಿಗೆಗೆ ಪಡೆದ ಅಂಗಡಿ, ಉಪಾಹಾರ ಗೃಹ, ಕ್ಷೌರದಂಗಡಿ ಮುಂತಾದ ವಾಣಿಜ್ಯ ಸ್ಥಳಗಳಲ್ಲಿ ಈ ಕಾರ್ಯಕ್ಕೆ ಎರಡು ಮುಖಗಳಿವೆ. ನೆಲವು ಅಲುಗಾಡದೆ ನಿಲ್ಲುವುದೇ ಎಂಬುದು ತಾಂತ್ರಿಕ ಪ್ರಶ್ನೆ. ಆ ನೆಲ ಯಾರದು, ಅವಧಿ ಮುಗಿದಾಗ ಅದನ್ನು ಯಾವ ಸ್ಥಿತಿಯಲ್ಲಿ ಮರಳಿಸಬೇಕು ಎಂಬುದು ಕಾನೂನಿನ ಪ್ರಶ್ನೆ. ಎರಡರಲ್ಲಿ ಒಂದನ್ನು ಕಡೆಗಣಿಸಿದರೂ ಬಾಡಿಗೆದಾರನು ಒಮ್ಮೆ ಟೈಲು ಹಾಕಿಸಲು, ಇನ್ನೊಮ್ಮೆ ಅದನ್ನು ಕೀಳಿಸಲು ಹಣ ತೆರಬೇಕಾಗಬಹುದು. ಈ ಲೇಖನವು ಮುಖ್ಯವಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ರೂಢಿ ಹಾಗೂ ಕಾನೂನನ್ನು ಆಧರಿಸಿದೆ.

ಹಿನ್ನೆಲೆ

ಬ್ರಿಟನ್ನಿನ ಹಳೆಯ ಪೇಟೆಬೀದಿಗಳಲ್ಲಿ 19ನೆಯ ಶತಮಾನದಲ್ಲಿ ಹಾಗೂ 20ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಇಟ್ಟಿಗೆಯ ಸಾಲುಕಟ್ಟಡಗಳು ಇಂದಿಗೂ ಹೇರಳವಾಗಿವೆ. ಇವುಗಳಲ್ಲಿ ಅನೇಕವು ನೆಲಮಹಡಿಯಲ್ಲಿ ಅಂಗಡಿಯನ್ನೂ ಮೇಲ್ಮಹಡಿಗಳಲ್ಲಿ ವಾಸದ ಮನೆಯನ್ನೂ ಹೊಂದಿವೆ. ಇಂತಹ ಕಟ್ಟಡಗಳ ನೆಲವು ಸಾಮಾನ್ಯವಾಗಿ ತೂಗುನೆಲ: ಗೋಡೆಯಿಂದ ಗೋಡೆಗೆ ಚಾಚಿದ ಮರದ ಜಂತಿಗಳು, ಅವುಗಳ ಮೇಲೆ ಅಡ್ಡಲಾಗಿ ಮೊಳೆ ಹೊಡೆದು ಕೂರಿಸಿದ ಪೈನ್ ಜಾತಿಯ ಮರದ ಹಲಗೆಗಳು, ಕೆಳಗೆ ಗಾಳಿಯಾಡುವ ಟೊಳ್ಳು ಜಾಗ. ಟೈಲು ಅಥವಾ ಬೇರೆ ಹೊದಿಕೆಯ ಕೆಳಗಿರುವ ಈ ರಚನೆಯನ್ನು ಇಲ್ಲಿ ಉಪನೆಲ ಎಂದು ಕರೆಯಲಾಗಿದೆ. ಮಲೆನಾಡಿನ ಹಳೆಯ ಮನೆಗಳ ಹಲಗೆಯ ಅಟ್ಟವನ್ನು ಬಲ್ಲವರಿಗೆ ಈ ರಚನೆ ಅಪರಿಚಿತವಲ್ಲ. ನಡೆದಾಗ ಅಟ್ಟವು ತುಸು ಅದುರುವುದೂ ಮಳೆಗಾಲದಲ್ಲಿ ಹಲಗೆಗಳು ಉಬ್ಬುವುದೂ ಇಲ್ಲಿ ಚರ್ಚಿಸುವ ಸಮಸ್ಯೆಯ ಮೂಲವೇ ಆಗಿವೆ.

ಕಾಂಕ್ರೀಟ್ ನೆಲದ ಮೇಲೆ ಟೈಲು ಹಾಕುವ ವಿಧಾನವನ್ನು ಮರದ ನೆಲಕ್ಕೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಹಲಗೆಗಳ ಮೇಲೆ ನೇರವಾಗಿ ಅಂಟಿಸಿದ ಟೈಲುಗಳು ಸಾಮಾನ್ಯವಾಗಿ ಕೆಲವೇ ತಿಂಗಳುಗಳಲ್ಲಿ ಸಡಿಲಗೊಳ್ಳುತ್ತವೆ ಅಥವಾ ಬಿರಿಯುತ್ತವೆ.

ಮರದ ನೆಲದ ಚಲನೆ

ಮರದ ನೆಲವು ಎರಡು ಬಗೆಯಲ್ಲಿ ಚಲಿಸುತ್ತದೆ.

ಮೊದಲನೆಯದು ಬಾಗುವಿಕೆ. ಭಾರ ಬಿದ್ದಾಗ ಜಂತಿಯು ನಡುವೆ ಕೆಳಕ್ಕೆ ಬಾಗುತ್ತದೆ. ಉದ್ದಕ್ಕೂ ಸಮನಾಗಿ ಹರಡಿದ ಭಾರಕ್ಕೆ ಈ ಬಾಗು ಜಂತಿಯ ಚಾಚುದೂರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಎಂದರೆ ಚಾಚುದೂರ ಎರಡರಷ್ಟಾದರೆ ಬಾಗು ಹದಿನಾರರಷ್ಟಾಗುತ್ತದೆ. ಇದಕ್ಕೆ ಪ್ರತಿಯಾಗಿ ಜಂತಿಯ ಎತ್ತರ ಎರಡರಷ್ಟಾದರೆ ಬಾಗು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಟೈಲು ಮತ್ತು ಸಂದು ತುಂಬುವ ಗ್ರೌಟ್ ಗಡಸು ವಸ್ತುಗಳಾದ್ದರಿಂದ ಅವು ಬಾಗಲಾರವು, ಬಿರಿಯುತ್ತವೆ. ಅಮೆರಿಕದ ರೂಢಿಯಲ್ಲಿ ಸೆರಾಮಿಕ್ ಟೈಲು ಹಾಕುವ ನೆಲದ ಬಾಗು ಚಾಚುದೂರದ 360ನೆಯ ಒಂದು ಭಾಗವನ್ನು ಮೀರಬಾರದು. ನೈಸರ್ಗಿಕ ಕಲ್ಲಿಗೆ ಈ ಮಿತಿ 720ನೆಯ ಒಂದು ಭಾಗ. ಇದರಂತೆ 3.6 ಮೀಟರ್ ಚಾಚಿರುವ ಜಂತಿಗೆ ಸೆರಾಮಿಕ್ ಟೈಲಿನ ಅಡಿಯಲ್ಲಿ 10 ಮಿ.ಮೀ., ಕಲ್ಲಿನ ಅಡಿಯಲ್ಲಿ 5 ಮಿ.ಮೀ. ಬಾಗುವ ಅವಕಾಶವಿದೆ.

ಎರಡನೆಯದು ತೇವದಿಂದಾಗುವ ಹಿಗ್ಗು-ಕುಗ್ಗು. ಮರವು ಸುತ್ತಲಿನ ಗಾಳಿಯ ತೇವವನ್ನು ಹೀರಿ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಈ ಬದಲಾವಣೆ ಅತ್ಯಲ್ಪ. ಪ್ರತಿ ಹಲಗೆಯೂ ತನ್ನ ಅಗಲದಲ್ಲಿ ಪ್ರತ್ಯೇಕವಾಗಿ ಚಲಿಸುವುದರಿಂದ ಎರಡು ಹಲಗೆಗಳ ನಡುವಿನ ಸಂದಿಯ ಮೇಲೆ ಬಿದ್ದ ಟೈಲು ಆ ಚಲನೆಯನ್ನೆಲ್ಲ ತಾನೇ ತಾಳಿಕೊಳ್ಳಬೇಕಾಗುತ್ತದೆ. ಟೈಲಿನ ಬಿರುಕುಗಳು ಹಲಗೆಯ ಸಂದಿಗೆ ಸಮಾನಾಂತರವಾಗಿ ನೇರಗೆರೆಯಲ್ಲಿ ಕಾಣಿಸಿಕೊಳ್ಳಲು ಇದೇ ಕಾರಣ.

ಬಾಡಿಗೆ ಕರಾರು ಮತ್ತು ಅನುಮತಿ

ವಾಣಿಜ್ಯ ಬಾಡಿಗೆ ಕರಾರುಗಳಲ್ಲಿ ಕಟ್ಟಡದ ಮಾರ್ಪಾಡಿಗೆ ಸಂಬಂಧಿಸಿದ ಷರತ್ತು ಸಾಮಾನ್ಯವಾಗಿ ಮೂರು ರೂಪಗಳಲ್ಲಿ ಒಂದಾಗಿರುತ್ತದೆ: ಮಾರ್ಪಾಡು ಸಂಪೂರ್ಣ ನಿಷಿದ್ಧ, ಮಾಲೀಕನ ಒಪ್ಪಿಗೆಯಿದ್ದರೆ ಮಾತ್ರ ಸಾಧ್ಯ, ಅಥವಾ ರಚನೆಗೆ ಧಕ್ಕೆ ತಾರದ ಒಳಾಂಗಣ ಕೆಲಸಕ್ಕೆ ಒಪ್ಪಿಗೆ ಬೇಕಿಲ್ಲ. ಒಪ್ಪಿಗೆ ಅಗತ್ಯವೆಂದು ಹೇಳುವ ಕರಾರಿನಲ್ಲಿ, ಆ ಮಾರ್ಪಾಡು ಸುಧಾರಣೆಯ ಸ್ವರೂಪದ್ದಾಗಿದ್ದರೆ, 1927ರ ಮಾಲೀಕ ಮತ್ತು ಬಾಡಿಗೆದಾರ ಕಾಯಿದೆಯ 19(2)ನೆಯ ವಿಧಿಯಂತೆ ಮಾಲೀಕನು ಸಕಾರಣವಿಲ್ಲದೆ ಒಪ್ಪಿಗೆಯನ್ನು ತಡೆಹಿಡಿಯುವಂತಿಲ್ಲ. ಒಪ್ಪಿಗೆಯನ್ನು ಸಾಮಾನ್ಯವಾಗಿ ಮಾರ್ಪಾಡು ಪರವಾನಗಿ ಎಂಬ ಲಿಖಿತ ದಸ್ತಾವೇಜಿನ ಮೂಲಕ ನೀಡಲಾಗುತ್ತದೆ. ಇದಕ್ಕೆ ನೆಲದ ನಕ್ಷೆ, ಪದರಗಳ ವಿವರ, ಹೆಚ್ಚುವ ಭಾರದ ಲೆಕ್ಕ ಮತ್ತು ಕೆಲಸದ ವಿಧಾನಗಳನ್ನು ಲಗತ್ತಿಸುವುದು ರೂಢಿ. ಬಾಡಿಗೆಗೆ ಕೊಟ್ಟವನು ತಾನೂ ಮತ್ತೊಬ್ಬರಿಂದ ಕರಾರಿನ ಮೇಲೆ ಪಡೆದಿದ್ದರೆ, ಮೇಲಿನ ಮಾಲೀಕನ ಒಪ್ಪಿಗೆಯೂ ಬೇಕಾಗಬಹುದು.

ಕರಾರಿನಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವೆಂದರೆ ಬಾಡಿಗೆಗೆ ಕೊಟ್ಟ ಸ್ವತ್ತಿನ ವಿವರಣೆ. ಕಟ್ಟಡದ ಒಂದು ಭಾಗವನ್ನಷ್ಟೇ ಪಡೆದಿರುವಾಗ ಹಲಗೆಯವರೆಗಿನ ಭಾಗ ಬಾಡಿಗೆದಾರನ ಸ್ವಾಧೀನಕ್ಕೂ ಅದರ ಕೆಳಗಿನ ಜಂತಿಗಳು ಮಾಲೀಕನ ಅಧೀನಕ್ಕೂ ಸೇರಿರುವುದು ಸಾಮಾನ್ಯ. ಅಂತಹ ಸಂದರ್ಭದಲ್ಲಿ ಜಂತಿಯನ್ನು ಕೊರೆಯುವುದು ಅಥವಾ ಅದಕ್ಕೆ ಹೊಸ ಮರ ಜೋಡಿಸುವುದು ತನ್ನದಲ್ಲದ ಸ್ವತ್ತಿನಲ್ಲಿ ಕೈಹಾಕಿದಂತಾಗುತ್ತದೆ. ಜಂತಿ ಕೊಳೆತಿದ್ದರೆ ದುರಸ್ತಿ ಯಾರ ಹೊಣೆ ಎಂಬುದನ್ನೂ ಇದೇ ವಿವರಣೆಯು ಬಹುಮಟ್ಟಿಗೆ ನಿರ್ಧರಿಸುತ್ತದೆ. ಇಡೀ ಕಟ್ಟಡವನ್ನು ಸಂಪೂರ್ಣ ದುರಸ್ತಿಯ ಹೊಣೆಯೊಂದಿಗೆ ಪಡೆದವನಿಗೆ ಆ ವೆಚ್ಚವೂ ಬರುತ್ತದೆ.

ಕೆಲಸ ಆರಂಭಿಸುವ ಮುನ್ನ ನೆಲದ ಸ್ಥಿತಿಯನ್ನು ದಿನಾಂಕಸಹಿತ ಛಾಯಾಚಿತ್ರಗಳಲ್ಲಿ ದಾಖಲಿಸಿ, ಉಭಯ ಪಕ್ಷಗಳೂ ಸಹಿ ಮಾಡಿದ ಸ್ಥಿತಿವಿವರ ಪಟ್ಟಿಯನ್ನು ಇಟ್ಟುಕೊಳ್ಳುವುದು ಉಪಯುಕ್ತ. ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪವನ್ನು ಬಾಧಿಸುವ ಕೆಲಸಕ್ಕೆ 1990ರ ಕಾಯಿದೆಯಡಿ ಸ್ಥಳೀಯ ಯೋಜನಾ ಪ್ರಾಧಿಕಾರದ ಪ್ರತ್ಯೇಕ ಸಮ್ಮತಿ ಬೇಕು. ಮಾಲೀಕನ ಒಪ್ಪಿಗೆ ಅದಕ್ಕೆ ಬದಲಿಯಾಗದು.

ಕಲ್ನಾರು ಮತ್ತು ಕೆಲಸದ ಸುರಕ್ಷತೆ

ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಅಥವಾ ಕಲ್ನಾರಿನ ಬಳಕೆಯು 1999ರಲ್ಲಿ ಸಂಪೂರ್ಣವಾಗಿ ನಿಷೇಧಗೊಂಡಿತು. ಆದ್ದರಿಂದ 2000ಕ್ಕಿಂತ ಹಿಂದೆ ಕಟ್ಟಿದ ಅಥವಾ ನವೀಕರಿಸಿದ ಯಾವುದೇ ಕಟ್ಟಡದಲ್ಲಿ ಅದು ಇರಬಹುದು. ಹಲಗೆಯ ಮೇಲೆ ಹಿಂದೆ ಅಂಟಿಸಿದ ಗಡಸು ಪ್ಲಾಸ್ಟಿಕ್ ಟೈಲುಗಳು, ಅವುಗಳ ಅಡಿಯ ಕಪ್ಪು ಡಾಂಬರಿನ ಅಂಟು, ಕೆಲವು ಹಳೆಯ ವಿನೈಲ್ ಹಾಸುಗಳ ಬೆನ್ನಪದರ ಇವು ಶಂಕಿಸಬೇಕಾದ ವಸ್ತುಗಳು. 2012ರ ಕಲ್ನಾರು ನಿಯಂತ್ರಣ ನಿಯಮಗಳ 4ನೆಯ ನಿಯಮವು ವಾಸೇತರ ಕಟ್ಟಡಗಳಲ್ಲಿ ಕಲ್ನಾರನ್ನು ಗುರುತಿಸಿ ನಿರ್ವಹಿಸುವ ಹೊಣೆಯನ್ನು, ಕರಾರಿನಂತೆ ಕಟ್ಟಡದ ನಿರ್ವಹಣೆಗೆ ಬಾಧ್ಯನಾದವನ ಮೇಲೆ ಹೊರಿಸುತ್ತದೆ. ಅನೇಕ ಸಂದರ್ಭಗಳಲ್ಲಿ ಅವನು ಬಾಡಿಗೆದಾರನೇ ಆಗಿರುತ್ತಾನೆ. ಹಳೆಯ ಹೊದಿಕೆಯನ್ನು ಕೆರೆಯುವ, ಉಜ್ಜುವ ಅಥವಾ ಕೀಳುವ ಮೊದಲು ನವೀಕರಣ ಪೂರ್ವ ಕಲ್ನಾರು ಸಮೀಕ್ಷೆ ನಡೆಯಬೇಕು.

2015ರ ನಿರ್ಮಾಣ (ವಿನ್ಯಾಸ ಮತ್ತು ನಿರ್ವಹಣೆ) ನಿಯಮಗಳು ಸಣ್ಣ ಅಂಗಡಿಯ ನೆಲದ ಕೆಲಸಕ್ಕೂ ಅನ್ವಯಿಸುತ್ತವೆ. ಕೆಲಸ ಮಾಡಿಸುವ ವ್ಯಾಪಾರಿಯೇ ಅಲ್ಲಿ ಗ್ರಾಹಕನ ಕರ್ತವ್ಯಗಳನ್ನು ಹೊರುತ್ತಾನೆ.

ತಪಾಸಣೆ

ತಪಾಸಣೆಗಾಗಿ ಕೆಲವು ಹಲಗೆಗಳನ್ನು ಎಬ್ಬಿಸಿ ಕೆಳಭಾಗವನ್ನು ಕಣ್ಣಾರೆ ನೋಡುವುದು ಅವಶ್ಯ. ಪರಿಶೀಲಿಸಬೇಕಾದ ಅಂಶಗಳು ಇವು:

ಜಂತಿಗಳ ಅಗಲ, ಎತ್ತರ, ನಡುವಿನ ಅಂತರ ಮತ್ತು ಚಾಚುದೂರ. ಈ ನಾಲ್ಕು ಅಳತೆಗಳಿಲ್ಲದೆ ಭಾರದ ಲೆಕ್ಕ ಸಾಧ್ಯವಿಲ್ಲ.

ಜಂತಿಯ ತುದಿಗಳು. ಗೋಡೆಯೊಳಗೆ ಸೇರಿರುವ ತುದಿಯು ತೇವದಿಂದ ಮೊದಲು ಕೊಳೆಯುತ್ತದೆ. ಚೂಪಾದ ಉಪಕರಣದಿಂದ ಚುಚ್ಚಿದಾಗ ಸುಲಭವಾಗಿ ಒಳಸರಿದರೆ ಮರ ಹಾಳಾಗಿದೆಯೆಂದು ತಿಳಿಯಬೇಕು.

ತೇವಾಂಶ. ಬೆಚ್ಚಗಿರಿಸಿದ ಕಟ್ಟಡದೊಳಗಿನ ಮರದಲ್ಲಿ ಸಾಮಾನ್ಯವಾಗಿ ಶೇ. 8ರಿಂದ 12ರಷ್ಟು ತೇವಾಂಶವಿರುತ್ತದೆ. ಶೇ. 20ನ್ನು ಮೀರಿದರೆ ಕೊಳೆಯುವ ಅಪಾಯ ಆರಂಭವಾಗುತ್ತದೆ; ತೇವದ ಮೂಲವನ್ನು ಸರಿಪಡಿಸುವವರೆಗೆ ಕೆಲಸ ಮುಂದುವರಿಸಬಾರದು.

ಗಾಳಿಕಿಂಡಿಗಳು. ನೆಲಮಹಡಿಯ ಕೆಳಗಿನ ಟೊಳ್ಳಿಗೆ ಹೊರಗೋಡೆಯ ರಂಧ್ರದ ಇಟ್ಟಿಗೆಗಳ ಮೂಲಕ ಗಾಳಿ ಬರಬೇಕು. ಟೈಲು ಹಾಕಿದ ಮೇಲೆ ಹಲಗೆಯ ಸಂದಿಗಳ ಮೂಲಕ ತೇವ ಹೊರಹೋಗುವ ದಾರಿ ಮುಚ್ಚಿಹೋಗುವುದರಿಂದ ಈ ಕಿಂಡಿಗಳ ಮಹತ್ತ್ವ ಹೆಚ್ಚುತ್ತದೆ.

ಹಿಂದಿನ ಕೊರೆತಗಳು. ಕೊಳವೆ ಮತ್ತು ತಂತಿಗಳಿಗಾಗಿ ಜಂತಿಯನ್ನು ಕಚ್ಚು ಮಾಡಿರುವುದು ಸಾಮಾನ್ಯ. ಬ್ರಿಟನ್ನಿನ ರೂಢಿಯಂತೆ ಮೇಲ್ಭಾಗದ ಕಚ್ಚು ಜಂತಿಯ ಎತ್ತರದ ಎಂಟನೆಯ ಒಂದು ಭಾಗವನ್ನೂ ನಡುಗೆರೆಯ ರಂಧ್ರವು ಎತ್ತರದ ಕಾಲುಭಾಗವನ್ನೂ ಮೀರಬಾರದು.

ಭಾರದ ಲೆಕ್ಕ

ವಾಸದ ಮನೆಯ ನೆಲವನ್ನು ಬ್ರಿಟನ್ನಿನಲ್ಲಿ ಚದರ ಮೀಟರಿಗೆ 1.5 ಕಿಲೋನ್ಯೂಟನ್ (ಸುಮಾರು 150 ಕಿ.ಗ್ರಾಂ.) ಬಳಕೆಭಾರಕ್ಕೆ ವಿನ್ಯಾಸಗೊಳಿಸಲಾಗುತ್ತದೆ, ಅಂಗಡಿಯ ನೆಲಕ್ಕೆ ಇದು 4.0 ಕಿಲೋನ್ಯೂಟನ್. ಮನೆಯಾಗಿದ್ದ ಕೋಣೆ ಅಂಗಡಿಯಾಗಿ ಮಾರ್ಪಟ್ಟಲ್ಲಿ ಜಂತಿಗಳು ಮೊದಲೇ ದುರ್ಬಲವಾಗಿರುವ ಸಾಧ್ಯತೆಯಿದೆ.

ಇದರ ಮೇಲೆ ಹೊಸ ಪದರಗಳ ಸ್ಥಿರಭಾರ ಸೇರುತ್ತದೆ. 10 ಮಿ.ಮೀ. ದಪ್ಪದ ಪೋರ್ಸೆಲಿನ್ ಟೈಲು ಚದರ ಮೀಟರಿಗೆ ಸುಮಾರು 23 ಕಿ.ಗ್ರಾಂ., ಅಂಟು 4ರಿಂದ 5 ಕಿ.ಗ್ರಾಂ., 15 ಮಿ.ಮೀ. ಪ್ಲೈವುಡ್ 9ರಿಂದ 10 ಕಿ.ಗ್ರಾಂ. ತೂಗುತ್ತವೆ. ಒಟ್ಟು ಸುಮಾರು 37 ಕಿ.ಗ್ರಾಂ. ಎಂದು ಹಿಡಿದರೆ 40 ಚದರ ಮೀಟರಿನ ಅಂಗಡಿಯ ನೆಲದ ಮೇಲೆ ಒಂದೂವರೆ ಟನ್ನಿನಷ್ಟು ಭಾರ ಶಾಶ್ವತವಾಗಿ ಕೂರುತ್ತದೆ. ಶೀತಪೆಟ್ಟಿಗೆ, ಓವನ್, ತುಂಬಿದ ಕಪಾಟುಗಳಿರುವ ಸ್ಥಳಗಳಲ್ಲಿ ರಚನಾ ಎಂಜಿನಿಯರ್‌ನ ಲೆಕ್ಕಾಚಾರ ಪಡೆಯುವುದು ಸೂಕ್ತ.

ಉಪನೆಲದ ಬಲವರ್ಧನೆ

ಬಾಗು ಮಿತಿಮೀರಿದ್ದರೆ ಮೇಲ್ಪದರವನ್ನು ದಪ್ಪಗೊಳಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಜಂತಿಗಳನ್ನೇ ಬಲಪಡಿಸಬೇಕು. ಜಂತಿಯ ಪಕ್ಕಕ್ಕೆ ಅದೇ ಅಳತೆಯ ಇನ್ನೊಂದು ಜಂತಿಯನ್ನು ಪೂರ್ಣ ಉದ್ದಕ್ಕೆ ಬೋಲ್ಟ್ ಹಾಕಿ ಜೋಡಿಸಿದರೆ ಬಾಗು ಸುಮಾರು ಅರ್ಧಕ್ಕಿಳಿಯುತ್ತದೆ. ನೆಲಮಹಡಿಯಲ್ಲಿ ಜಾಗವಿದ್ದರೆ ಚಾಚುದೂರದ ನಡುವೆ ಕುಳ್ಳುಗೋಡೆ ಅಥವಾ ಕಂಬಗಳ ಆಧಾರ ಕೊಡುವುದು ಇನ್ನೂ ಪರಿಣಾಮಕಾರಿ. ಜಂತಿಗಳ ನಡುವೆ ಅಡ್ಡಮರದ ತುಂಡುಗಳನ್ನು ಬಿಗಿಯಾಗಿ ಕೂರಿಸಿದರೆ ಅವು ಪಕ್ಕಕ್ಕೆ ತಿರುಚಿಕೊಳ್ಳುವುದು ತಪ್ಪಿ, ಭಾರವು ನೆರೆಯ ಜಂತಿಗಳಿಗೂ ಹಂಚಿಕೆಯಾಗುತ್ತದೆ.

ಸಡಿಲಗೊಂಡ ಹಲಗೆಗಳನ್ನು ಮೊಳೆಯ ಬದಲು ಸ್ಕ್ರೂ ಹಾಕಿ ಬಿಗಿಗೊಳಿಸಬೇಕು. ಕಾಲಕ್ರಮದಲ್ಲಿ ಮೊಳೆ ಮೇಲೇಳುತ್ತದೆ, ಸ್ಕ್ರೂ ಹಾಗಾಗುವುದು ಅಪರೂಪ. ಸ್ಕ್ರೂ ಇಳಿಸುವ ಮುನ್ನ ಕೆಳಗಿನ ನೀರು, ಅನಿಲ ಮತ್ತು ವಿದ್ಯುತ್ ಮಾರ್ಗಗಳನ್ನು ಗುರುತು ಮಾಡಿಕೊಳ್ಳಬೇಕು. ಒಡೆದ, ಡೊಂಕಾದ ಹಲಗೆಗಳನ್ನು ಅದೇ ದಪ್ಪದ ಹೊಸ ಹಲಗೆಗಳಿಂದ ಬದಲಿಸಬೇಕು.

ಮೇಲ್ಪದರಗಳು

ಹಲಗೆಗಳ ಪ್ರತ್ಯೇಕ ಚಲನೆ ಟೈಲಿಗೆ ತಲುಪದಂತೆ ನಡುವೆ ಒಂದು ಸ್ಥಿರವಾದ ಪದರ ಬೇಕಾಗುತ್ತದೆ. ಬಳಕೆಯಲ್ಲಿರುವ ಮುಖ್ಯ ಪದರಗಳು ಮೂರು.

ಪ್ಲೈವುಡ್: ಹೊರಾಂಗಣಕ್ಕೆ ಯೋಗ್ಯವಾದ ದರ್ಜೆಯ, ಕನಿಷ್ಠ 15 ಮಿ.ಮೀ. ದಪ್ಪದ ಪ್ಲೈವುಡ್ಡನ್ನು 300 ಮಿ.ಮೀ. ಮೀರದ ಅಂತರದಲ್ಲಿ ಸ್ಕ್ರೂ ಹಾಕಿ ಬಿಗಿಯುವುದು ಬ್ರಿಟನ್ನಿನಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಹಾಳೆಗಳನ್ನು ಕೆಲವು ದಿನ ಕೋಣೆಯಲ್ಲೇ ಇರಿಸಿ ಅಲ್ಲಿನ ಹವೆಗೆ ಹೊಂದಿಸಬೇಕು. ಅವುಗಳ ಬೆನ್ನು ಮತ್ತು ಅಂಚುಗಳಿಗೆ ತೇವ ಹೀರದಂತೆ ಲೇಪ ಕೊಡಬೇಕು. ಹಾಳೆಯ ಸಂದುಗಳು ಹಲಗೆಯ ಸಂದುಗಳ ಮೇಲೆ ಬೀಳದಂತೆ, ನಾಲ್ಕು ಮೂಲೆಗಳು ಒಂದೆಡೆ ಕೂಡದಂತೆ ಇಟ್ಟಿಗೆ ಕಟ್ಟಡದ ಮಾದರಿಯಲ್ಲಿ ಸರಿಸಿ ಹಾಸಬೇಕು. ಪ್ಲೈವುಡ್ ಕೂಡ ಮರವೇ ಆದ್ದರಿಂದ ಅದರ ಹಿಗ್ಗು-ಕುಗ್ಗು ಪೂರ್ಣವಾಗಿ ನಿಲ್ಲುವುದಿಲ್ಲ.

ಸಿಮೆಂಟ್ ಆಧಾರಫಲಕ: ಸಿಮೆಂಟಿನಿಂದ ಮಾಡಿದ, ಸಾಮಾನ್ಯವಾಗಿ 6ರಿಂದ 12 ಮಿ.ಮೀ. ದಪ್ಪದ ಈ ಫಲಕವು ತೇವದಿಂದ ಉಬ್ಬುವುದಿಲ್ಲ. ಹಲಗೆ ಅಥವಾ ಪ್ಲೈವುಡ್ಡಿನ ಮೇಲೆ ಬಾಗಬಲ್ಲ ಅಂಟು ಹರಡಿ, ಫಲಕವನ್ನು ಅದರಲ್ಲಿ ಕೂರಿಸಿ ಸ್ಕ್ರೂ ಹಾಕಲಾಗುತ್ತದೆ. ಸಂದುಗಳಿಗೆ ಕ್ಷಾರ ತಾಳುವ ಜಾಲಪಟ್ಟಿ ಅಂಟಿಸಲಾಗುತ್ತದೆ. ತೆಳು ಫಲಕವು ಒಳ್ಳೆಯ ಮೇಲ್ಮೈಯನ್ನು ಒದಗಿಸುತ್ತದೆಯೇ ಹೊರತು ನೆಲಕ್ಕೆ ಬಲ ಕೊಡುವುದಿಲ್ಲ.

ಬೇರ್ಪಡಿಕೆ ಹಾಳೆ: ಉಬ್ಬುತಗ್ಗುಗಳಿರುವ ಪಾಲಿಎಥಿಲೀನ್ ಹಾಳೆಯನ್ನು ಉಪನೆಲಕ್ಕೂ ಟೈಲಿಗೂ ನಡುವೆ ಅಂಟಿಸಲಾಗುತ್ತದೆ. ಕೆಳಗಿನ ಪದರದ ಅಡ್ಡಚಲನೆಯನ್ನು ಇದು ತನ್ನಲ್ಲೇ ಹೀರಿಕೊಳ್ಳುತ್ತದೆ. ಮೇಲೆ-ಕೆಳಗೆ ಅದುರುವ ನೆಲಕ್ಕೆ ಇದು ಪರಿಹಾರವಲ್ಲ.

ಬಾಡಿಗೆ ಕಟ್ಟಡದಲ್ಲಿ ಪದರಗಳ ಆಯ್ಕೆಗೆ ಇನ್ನೊಂದು ಮಾನದಂಡ ಸೇರುತ್ತದೆ: ಅವಧಿಯ ಕೊನೆಯಲ್ಲಿ ಮೂಲ ಹಲಗೆಗೆ ಹಾನಿಯಾಗದಂತೆ ಬಿಚ್ಚಲು ಸಾಧ್ಯವೇ? ಫಲಕವನ್ನು ಹಲಗೆಗೇ ಅಂಟಿಸಿದರೆ ಅದನ್ನು ಕೀಳುವಾಗ ಹಲಗೆಯೂ ಸಿಬಿರೆದ್ದು ಹಾಳಾಗುತ್ತದೆ. ಇದರ ಬದಲು ಪ್ಲೈವುಡ್ಡನ್ನು ಅಂಟಿಲ್ಲದೆ ಸ್ಕ್ರೂಗಳಿಂದ ಮಾತ್ರ ಬಿಗಿದು, ಫಲಕ ಅಥವಾ ಹಾಳೆಯನ್ನು ಆ ಪ್ಲೈವುಡ್ಡಿಗೆ ಅಂಟಿಸಿದರೆ, ಮೇಲಿನ ಪದರಗಳನ್ನು ಪ್ಲೈವುಡ್ ಸಮೇತ ತುಂಡುತುಂಡಾಗಿ ಎಬ್ಬಿಸಬಹುದು. ಹಲಗೆಯಲ್ಲಿ ಉಳಿಯುವುದು ಸ್ಕ್ರೂವಿನ ತೂತುಗಳು ಮಾತ್ರ.

ಸಮತಟ್ಟು, ಅಂಟು ಮತ್ತು ಸಂದುಗಳು

ಬ್ರಿಟಿಷ್ ಮಾನಕ ಬಿಎಸ್ 5385ರ 3ನೆಯ ಭಾಗವು ನೆಲದ ಟೈಲುಗಳಿಗೆ ಸಂಬಂಧಿಸಿದೆ. ತೆಳು ಅಂಟಿನ ಮೇಲೆ ಟೈಲು ಕೂರಿಸುವಾಗ 2 ಮೀಟರ್ ಉದ್ದದ ಮಟ್ಟಗೋಲಿನ ಅಡಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚಿನ ತಗ್ಗು ಕಾಣಬಾರದು. ಸಣ್ಣ ತಗ್ಗುಗಳನ್ನು ಮರದ ನೆಲಕ್ಕೆ ಯೋಗ್ಯವಾದ, ನಾರು ಬೆರೆಸಿದ ಮಟ್ಟಗಾರೆಯಿಂದ ತುಂಬಬಹುದು. ಆದರೆ 10 ಮಿ.ಮೀ. ಮಟ್ಟಗಾರೆ ಚದರ ಮೀಟರಿಗೆ ಸುಮಾರು 20 ಕಿ.ಗ್ರಾಂ. ಭಾರ ಸೇರಿಸುವುದರಿಂದ ಕುಸಿದ ಜಂತಿಯನ್ನು ಮೇಲಿನಿಂದ ಗಾರೆ ಸುರಿದು ಸರಿಪಡಿಸುವುದು ಸಲ್ಲದು. ಜಂತಿಯ ಮೇಲೆ ಮರದ ಓರೆಪಟ್ಟಿ ಕೂರಿಸಿ ಮಟ್ಟ ಮಾಡಬೇಕು.

ಟೈಲಿನ ಅಂಟುಗಳನ್ನು ಬಿಎಸ್ ಇಎನ್ 12004 ಮಾನಕ ವರ್ಗೀಕರಿಸುತ್ತದೆ. ಅದರಲ್ಲಿ ಎಸ್1 ಎಂದರೆ ಗಟ್ಟಿಯಾದ ಮೇಲೂ 2.5ರಿಂದ 5 ಮಿ.ಮೀ.ವರೆಗೆ ಬಾಗಬಲ್ಲದು, ಎಸ್2 ಎಂದರೆ 5 ಮಿ.ಮೀ. ಅಥವಾ ಹೆಚ್ಚು. ಮರದ ನೆಲಕ್ಕೆ ಸುಧಾರಿತ ಸಿಮೆಂಟ್ ಅಂಟಾದ ಸಿ2 ವರ್ಗದಲ್ಲಿ ಎಸ್1 ಅಥವಾ ಎಸ್2 ಗುಣವುಳ್ಳದ್ದನ್ನು ಬಳಸಲಾಗುತ್ತದೆ. ಜನರ ಓಡಾಟ ಹೆಚ್ಚಿರುವ ನೆಲದಲ್ಲಿ ಟೈಲಿನ ಅಡಿ ಟೊಳ್ಳು ಉಳಿಯಬಾರದು. ಹಲ್ಲುಕರಣೆಯಿಂದ ಅಂಟನ್ನು ಹರಡುವುದಲ್ಲದೆ ದೊಡ್ಡ ಟೈಲುಗಳ ಬೆನ್ನಿಗೂ ತೆಳುವಾಗಿ ಸವರಬೇಕು. ಪಿವಿಎ ಅಂಟನ್ನು ನೀರಿನಲ್ಲಿ ಬೆರೆಸಿ ಮೊದಲ ಲೇಪವಾಗಿ ಬಳಸುವ ಹಳೆಯ ಅಭ್ಯಾಸ ತಪ್ಪು. ತೇವ ತಗುಲಿದಾಗ ಅದು ಮತ್ತೆ ಮೆದುವಾಗಿ ಟೈಲಿನ ಹಿಡಿತವನ್ನು ಬಿಡಿಸುತ್ತದೆ.

ಗೋಡೆಯ ಅಂಚಿನಲ್ಲಿ, ಕಂಬಗಳ ಸುತ್ತ, ಜಂತಿಗಳಿಗೆ ಆಧಾರವಾದ ಗೋಡೆ ಅಥವಾ ತೊಲೆಯ ಮೇಲೆ ನೆಲ ಹಾದುಹೋಗುವಲ್ಲಿ ಗ್ರೌಟಿನ ಬದಲು ಸಿಲಿಕೋನಿನಂತಹ ಮೆದು ವಸ್ತು ತುಂಬಿದ ಚಲನಸಂದುಗಳನ್ನು ಬಿಡಬೇಕು. ವಿಶಾಲವಾದ ನೆಲದಲ್ಲಿ ಇವುಗಳ ನಡುವಿನ ಅಂತರ 10 ಮೀಟರ್ ಮೀರಬಾರದು.

ಹೊಸ ಪದರಗಳಿಂದ ನೆಲದ ಮಟ್ಟ 25ರಿಂದ 40 ಮಿ.ಮೀ. ಏರುವುದು ಸಾಮಾನ್ಯ. ಬಾಗಿಲು, ಹೊಸ್ತಿಲು ಮತ್ತು ಮೆಟ್ಟಿಲಿನ ಮೊದಲ ಹೆಜ್ಜೆಯ ಎತ್ತರವನ್ನು ಮೊದಲೇ ಅಳೆಯಬೇಕು. ಪ್ರವೇಶದಲ್ಲಿ ಉಂಟಾಗುವ ಹೊಸ ಮೆಟ್ಟಿಲು ಗಾಲಿಕುರ್ಚಿಗೆ ಅಡ್ಡಿಯಾದರೆ, ಅಂಗವಿಕಲರಿಗೆ ಸಮಂಜಸ ಅನುಕೂಲ ಕಲ್ಪಿಸಬೇಕೆನ್ನುವ 2010ರ ಸಮಾನತಾ ಕಾಯಿದೆಯ ಪ್ರಶ್ನೆ ಏಳುತ್ತದೆ. ಟೈಲಿನ ಜಾರುವಿಕೆಗೆ ಲೋಲಕ ಪರೀಕ್ಷೆಯಲ್ಲಿ 36 ಅಥವಾ ಹೆಚ್ಚಿನ ಅಂಕ ಬಂದರೆ ಜಾರುವ ಸಂಭವ ಕಡಿಮೆಯೆಂದು ಪರಿಗಣಿಸಲಾಗುತ್ತದೆ.

ಬಾಡಿಗೆ ಅವಧಿ ಮುಗಿದಾಗ

ಇಂಗ್ಲಿಷ್ ಕಾನೂನಿನಲ್ಲಿ ಒಂದು ವಸ್ತುವು ಕಟ್ಟಡದ ಭಾಗವಾಗಿದೆಯೇ ಎಂಬುದನ್ನು ಅದು ಎಷ್ಟು ಗಟ್ಟಿಯಾಗಿ ಜೋಡಣೆಯಾಗಿದೆ ಮತ್ತು ಯಾವ ಉದ್ದೇಶಕ್ಕೆ ಜೋಡಣೆಯಾಗಿದೆ ಎಂಬ ಎರಡು ಪ್ರಶ್ನೆಗಳಿಂದ ನಿರ್ಣಯಿಸಲಾಗುತ್ತದೆ. 1872ರ ಹಾಲೆಂಡ್ ವಿರುದ್ಧ ಹಾಡ್ಜ್‌ಸನ್ ಪ್ರಕರಣ ಇದಕ್ಕೆ ಆಧಾರ. 1996ರ ಬಾಥಮ್ ವಿರುದ್ಧ ಟಿಎಸ್‌ಬಿ ಬ್ಯಾಂಕ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವು ನೆಲಕ್ಕೆ ಹಾಸಿ ಬಿಗಿದ ಜಮಖಾನೆಯು ಕಟ್ಟಡದ ಭಾಗವಲ್ಲವೆಂದು ತೀರ್ಮಾನಿಸಿತು. ಅಂಟಿಸಿದ ಟೈಲಿನ ಸ್ಥಿತಿ ಹಾಗಲ್ಲ. ಒಡೆಯದೆ ತೆಗೆಯಲಾಗದ ಅದು ನೆಲದೊಡನೆ ಒಂದಾಗುತ್ತದೆ. ಹೀಗೆ ಅದು ಮಾಲೀಕನ ಸ್ವತ್ತಾದರೂ ಅದನ್ನು ತೆಗೆದು ಮೊದಲಿನ ಸ್ಥಿತಿಗೆ ತರಬೇಕೆಂಬ ಷರತ್ತು ಪರವಾನಗಿಯಲ್ಲಿದ್ದರೆ ಆ ವೆಚ್ಚ ಬಾಡಿಗೆದಾರನದೇ. ಆದ್ದರಿಂದ ಟೈಲನ್ನು ಹಾಗೆಯೇ ಬಿಟ್ಟುಹೋಗಬಹುದೇ ಎಂಬುದನ್ನು ಕೆಲಸಕ್ಕೆ ಮೊದಲೇ ಲಿಖಿತವಾಗಿ ಇತ್ಯರ್ಥಪಡಿಸಿಕೊಳ್ಳುವುದು ಹಿತಕರ.

ದುರಸ್ತಿ ಮಾಡದೆ ಬಿಟ್ಟದ್ದಕ್ಕಾಗಿ ಮಾಲೀಕನು ಕೇಳುವ ಪರಿಹಾರಕ್ಕೆ 1927ರ ಕಾಯಿದೆಯ 18(1)ನೆಯ ವಿಧಿ ಮಿತಿ ಹಾಕುತ್ತದೆ: ಆ ದುರಸ್ತಿಯ ಕೊರತೆಯಿಂದ ಮಾಲೀಕನ ಹಿತಾಸಕ್ತಿಯ ಮೌಲ್ಯದಲ್ಲಿ ಎಷ್ಟು ಇಳಿಕೆಯಾಗಿದೆಯೋ ಅದಕ್ಕಿಂತ ಹೆಚ್ಚು ದೊರೆಯದು. ಕರಾರು ನವೀಕರಣದ ಸಂದರ್ಭದಲ್ಲಿ 1954ರ ಕಾಯಿದೆಯ 34ನೆಯ ವಿಧಿಯು, ಬಾಡಿಗೆದಾರನು ಸ್ವಇಚ್ಛೆಯಿಂದ ಮಾಡಿದ ಸುಧಾರಣೆಗಳನ್ನು ಹೊಸ ಬಾಡಿಗೆಯ ಲೆಕ್ಕದಿಂದ ಸಾಮಾನ್ಯವಾಗಿ ಹೊರಗಿಡುತ್ತದೆ. ಆದರೆ ಆ ಕೆಲಸವನ್ನು ಬಾಡಿಗೆದಾರನು ಮಾಡಲೇಬೇಕೆಂಬ ಬಾಧ್ಯತೆ ಇದ್ದಲ್ಲಿ ಈ ರಕ್ಷಣೆ ಸಿಗದು. ಪರವಾನಗಿಯಲ್ಲಿ ‘ಮಾಡಬಹುದು’ ಎಂದಿದೆಯೋ ‘ಮಾಡತಕ್ಕದ್ದು’ ಎಂದಿದೆಯೋ ಎಂಬುದು ಈ ಕಾರಣದಿಂದ ಮುಖ್ಯವಾಗುತ್ತದೆ.

ಸಾಮಾನ್ಯ ದೋಷಗಳು ಮತ್ತು ಕಾರಣಗಳು

ಹಲಗೆಯ ಸಾಲಿಗೆ ಸಮಾನಾಂತರವಾದ ನೇರ ಬಿರುಕು: ಸ್ಥಿರ ಮೇಲ್ಪದರವಿಲ್ಲದಿರುವುದು ಅಥವಾ ಅದರ ಸಂದುಗಳು ಹಲಗೆಯ ಸಂದುಗಳ ಮೇಲೇ ಬಿದ್ದಿರುವುದು.

ಗ್ರೌಟ್ ಪುಡಿಯಾಗಿ ಉದುರುವುದು: ಜಂತಿಗಳ ಅತಿಯಾದ ಬಾಗು ಅಥವಾ ಮೇಲ್ಪದರದ ಸ್ಕ್ರೂಗಳ ಕೊರತೆ.

ತಟ್ಟಿದಾಗ ಟೊಳ್ಳು ಸದ್ದು: ಟೈಲಿನ ಅಡಿ ಅಂಟು ಪೂರ್ಣವಾಗಿ ಹರಡದಿರುವುದು ಅಥವಾ ಹಿಡಿತ ಬಿಟ್ಟಿರುವುದು.

ನೆಲದ ನಡುವೆ ಟೈಲುಗಳು ಗುಡಾರದಂತೆ ಮೇಲೇಳುವುದು: ಅಂಚಿನಲ್ಲಿ ಚಲನಸಂದು ಬಿಡದೆ ಗ್ರೌಟ್ ತುಂಬಿರುವುದು.

ಭಾರತದಲ್ಲಿ

ಭಾರತದ ನಗರಗಳ ಇಂದಿನ ವಾಣಿಜ್ಯ ಮಳಿಗೆಗಳ ನೆಲ ಹೆಚ್ಚಾಗಿ ಕಾಂಕ್ರೀಟಿನದು. ಹೀಗಾಗಿ ಮೇಲೆ ವಿವರಿಸಿದ ತಾಂತ್ರಿಕ ಸಿದ್ಧತೆಗಳು ಹಳೆಯ ತೊಲೆ-ಹಲಗೆಯ ಕಟ್ಟಡಗಳಿಗಷ್ಟೇ ಪ್ರಸ್ತುತವಾಗುತ್ತವೆ. ಕಾನೂನಿನ ಪ್ರಶ್ನೆ ಮಾತ್ರ ಇಲ್ಲಿಯೂ ಇದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108(ಎಚ್) ವಿಧಿಯಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಬಾಡಿಗೆದಾರನು ಸ್ವತ್ತು ತನ್ನ ಸ್ವಾಧೀನದಲ್ಲಿರುವವರೆಗೆ ತಾನು ಜೋಡಿಸಿದ ವಸ್ತುಗಳನ್ನು ತೆಗೆದುಕೊಂಡು ಹೋಗಬಹುದು. ಆದರೆ ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲೇ ಬಿಟ್ಟುಹೋಗಬೇಕು. ಅದೇ ವಿಧಿಯ (ಪಿ) ಖಂಡವು ಮಾಲೀಕನ ಒಪ್ಪಿಗೆಯಿಲ್ಲದೆ ಶಾಶ್ವತ ರಚನೆಗಳನ್ನು ನಿರ್ಮಿಸುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ.